ಪುಟದ ಮೂಲೆಯ ಓರೆ ಗೀಟು

ಮುಳ್ಳು ನಲವತ್ತಾರನ್ನು ದಾಟಿತು. ನಿಲ್ಲಲಿಲ್ಲ.

ಕೋಟಿನ ಜೇಬಿನೊಳಗಿದ್ದ ಚೀಟಿಯನ್ನು ಕಿರಿಯ ಇಂಜಿನಿಯರ್ ಚುಕ್ಕಿ ಬೆರಳ ತುದಿಯಲ್ಲಿ ಒತ್ತಿ ಹಿಡಿದಳು. ಚೀಟಿಯಲ್ಲಿ ಅವಳೇ ಹಿಂದಿನ ದಿನ ಬರೆದಿಟ್ಟ ಒಂದೇ ಒಂದು ಸಂಖ್ಯೆ: ನಲವತ್ತಾರು. ನಲವತ್ತು ಟನ್ ಬಲ ಹಾಕಿ ಎಳೆದರೆ ಏಳನೇ ಆಂಕರ್‌ನ ತಲೆ ನಲವತ್ತಾರು ಮಿಲಿಮೀಟರ್ ಈಚೆಗೆ ಬಂದು ನಿಲ್ಲುತ್ತದೆ ಅಂತ ಅವಳ ಕಂಪ್ಯೂಟರ್ ಮಾದರಿ ಹೇಳಿತ್ತು. ಎಂಟು ತಿಂಗಳು ಕೂತು ಕಟ್ಟಿದ ಮಾದರಿ. ಈಗ ಗುಂಡಿಯ ತಳದಲ್ಲಿ, ಅಷ್ಟು ಜನರ ಎದುರು, ಕೈಗಡಿಯಾರದಷ್ಟು ದೊಡ್ಡ ಗೇಜಿನ ಮುಳ್ಳು ಆ ಎಂಟು ತಿಂಗಳಿಗೆ ಕವಡೆ ಕಿಮ್ಮತ್ತೂ ಕೊಡದೆ ತನ್ನ ಪಾಡಿಗೆ ತಾನು ಸಾಗುತ್ತಿತ್ತು.

"ಐವತ್ತೆಂಟು," ಆಂಕರ್ ಎಳೆಯುವ ಜ್ಯಾಕಿನ ಪಂಪ್ ಒತ್ತುವವನು ಕೂಗಿದ. "ಅರವತ್ಮೂರು. ಅರವತ್ತೆಂಟು. ನಲವತ್ತು ಟನ್ ಆಯ್ತು."

ಪಂಪ್ ನಿಲ್ಲಿಸಿದರು. ಬಲವನ್ನು ಹಾಗೇ ಹಿಡಿದಿಟ್ಟರೂ ಮುಳ್ಳು ಮಾತ್ರ ತೆವಳುತ್ತಲೇ ಇತ್ತು. ಹತ್ತು ನಿಮಿಷದಲ್ಲಿ ಇನ್ನೂ ಮೂರು ಮಿಲಿಮೀಟರ್.

ಆಂಕರ್ ಅಂದರೆ ಏನು ಅಂತ ಅಕ್ಕ ಕೇಳಿದಾಗ ಚುಕ್ಕಿ ಒಮ್ಮೆ ಮೂಲಂಗಿಯ ಉದಾಹರಣೆ ಕೊಟ್ಟಿದ್ದಳು. ಮೂಲಂಗಿ ಕೀಳಲು ಹೋದರೆ ಸುತ್ತಲಿನ ಮಣ್ಣು ಬಿಡೆನೆಂದು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಆಳವಾದ ಗುಂಡಿ ತೋಡಿದಾಗ ಬದಿಯ ಗೋಡೆ ಒಳಗೆ ಬೀಳಬಾರದು. ಅದಕ್ಕೆ ಗೋಡೆಯಿಂದ ಹಿಂದಿನ ಮಣ್ಣಿನೊಳಗೆ ಓರೆಯಾಗಿ ಇಪ್ಪತ್ತು ಮೀಟರ್ ಉದ್ದದ ತೂತು ಕೊರೆದು, ಉಕ್ಕಿನ ಹುರಿ ತೂರಿಸಿ, ತುದಿಯ ಎಂಟು ಮೀಟರಿಗೆ ಸಿಮೆಂಟ್ ಹಾಲು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಹುರಿಯನ್ನು ಈಚೆಗೆ ಎಳೆದು ಗೋಡೆಗೆ ಬಿಗಿಯುತ್ತಾರೆ. ಗೋಡೆಯನ್ನು ನಿಲ್ಲಿಸುವುದು ಆ ಎಂಟು ಮೀಟರ್ ಸಿಮೆಂಟು ಮತ್ತು ಅದನ್ನು ತಬ್ಬಿದ ಮಣ್ಣು. ಈ ಗೋಡೆಯ ಬೆನ್ನಿಗೇ ಬೀದಿ ಇತ್ತು, ಬೀದಿಯಾಚೆ ಹಳೆಯ ಗ್ರಂಥಾಲಯ. ಪುಸ್ತಕಗಳಷ್ಟು ಭಾರದ ಸರಕು ಇನ್ನೊಂದಿಲ್ಲ ಅಂತ ಇಂಜಿನಿಯರುಗಳಿಗೆ ಗೊತ್ತು.

ಆಫೀಸಿನಲ್ಲಿ ಎಲ್ಲರೂ ದೊಡ್ಡ ಸರ್ ಅಂತ ಕರೆಯುವ ಹಿರಿಯ ಇಂಜಿನಿಯರ್ ಕನ್ನಡಕ ಒರೆಸುತ್ತ ಹತ್ತಿರ ಬಂದರು.

"ಏನಮ್ಮಾ, ನಿನ್ನ ಪೆಟ್ಟಿಗೆ ಎಷ್ಟು ಹೇಳಿತ್ತು?"

ಅವರು ಕಂಪ್ಯೂಟರನ್ನು ಪೆಟ್ಟಿಗೆ ಅನ್ನುತ್ತಿದ್ದರು. ಚುಕ್ಕಿ ಚೀಟಿ ತೆಗೆದು ತೋರಿಸಿದಳು.

"ಹೂಂ. ಅರ್ಧ ಹೇಳಿ ಅರ್ಧ ನುಂಗಿದೆ. ಥೇಟ್ ನಿನ್ನ ಹಾಗೇ." ನಕ್ಕರೂ ಆಮೇಲಿನ ಮಾತಿನಲ್ಲಿ ನಗು ಇರಲಿಲ್ಲ. "ಗುರುವಾರ ಬೆಳಿಗ್ಗೆ ಕೊರೆಯೋ ಮೆಷಿನ್ ಮತ್ತೆ ಶುರುವಾಗತ್ತೆ. ಹನ್ನೊಂದು ಆಗಿದೆ, ಇನ್ನೂ ಇಪ್ಪತ್ತೊಂಬತ್ತು ಆಂಕರ್ ಬಾಕಿ. ಬುಧವಾರ ಸಂಜೆಯೊಳಗೆ ಹೀಗ್ಯಾಕಾಯ್ತು ಅಂತ ಹೇಳಿದ್ರೆ ಸರಿ. ಇಲ್ಲಾಂದ್ರೆ ಪೆಟ್ಟಿಗೆ ಮುಚ್ಚಿಟ್ಟು ಡ್ರಾಯಿಂಗ್ ಟೇಬಲ್ಲಿಗೆ ಬಾ. ಅಲ್ಲೂ ಕೈ ಕಮ್ಮಿ ಇದೆ."

ಅವತ್ತು ಸೋಮವಾರ.

ಮನೆಯಲ್ಲಿ ಅಮ್ಮ ಕಿಟಕಿ ಬದಿಯ ಹೊಲಿಗೆ ಮೆಷಿನ್ ಮುಂದೆ ಕೂತು ಶಾಲೆಯ ಯೂನಿಫಾರಂಗಳಿಗೆ ಕಾಲರ್ ಹಚ್ಚುತ್ತಿದ್ದಳು. ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಅಕ್ಕ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಳು.

"ಏನೇ, ಮೂಲಂಗಿ ಕಿತ್ಕೊಂಡು ಬಂತಾ?"

"ಪೂರ್ತಿ ಅಲ್ಲ."

"ಯಾಕಂತೆ? ಯಾರನ್ನಾದ್ರೂ ಕೇಳಿದ್ಯಾ?"

"ಏನಂತ ಕೇಳೋದು?"

"ನೋಡಮ್ಮ ಇವಳನ್ನ. ಅಂಗಡೀಲಿ ಉಪ್ಪು ಎಲ್ಲಿದೆ ಅಂತ ಕೇಳೋ ಬದಲು ಮೂರು ಸುತ್ತು ಹೊಡೀತಾಳೆ, ಆಮೇಲೆ ಉಪ್ಪಿಲ್ಲದೆ ಮನೆಗೆ ಬರ್ತಾಳೆ."

ಅಮ್ಮ ಬಾಯಲ್ಲಿ ಕಚ್ಚಿದ್ದ ದಾರ ತೆಗೆದಳು. "ಹುಟ್ಟಿದಾಗಲೇ ಅಳಲಿಲ್ಲ ಕಣೇ ಇವಳು. ನರ್ಸು ಮೂರು ಸಲ ತಟ್ಟಿದ ಮೇಲೆ, ಪಾಪ, ಅವರ ಮನಸ್ಸು ನೋಯಬಾರದು ಅಂತ ಒಂದು ಸಲ ಕುಂಯ್ ಅಂದ್ಲು."

ಚುಕ್ಕಿಗೂ ನಗು ಬಂತು.

ಮಂಗಳವಾರ ಇಡೀ ದಿನ ಅವಳು ಮಾದರಿಯೊಳಗೇ ಇದ್ದಳು. ಅದರೊಳಗೆ ಹೋದರೆ ಅವಳಿಗೆ ಹೊರಗಿನ ಪ್ರಪಂಚ ಬೇಕಾಗುತ್ತಿರಲಿಲ್ಲ. ಗೋಡೆಯ ಹಿಂದಿನ ನೆಲವನ್ನು ಅರವತ್ತು ಸಾವಿರ ಸಣ್ಣ ತುಂಡುಗಳಾಗಿ ಕತ್ತರಿಸಿ ಅಲ್ಲಿಟ್ಟಿದ್ದಳು. ಒಂದು ತುಂಡನ್ನು ತಳ್ಳಿದರೆ ಅದು ಪಕ್ಕದ್ದನ್ನು ತಳ್ಳುತ್ತದೆ, ಅದು ಅದರ ಪಕ್ಕದ್ದನ್ನು. ಎಲ್ಲರೂ ಸರಿದು ಒಪ್ಪಂದಕ್ಕೆ ಬರುವ ತನಕ ಕಂಪ್ಯೂಟರ್ ಬಿಡದೆ ಲೆಕ್ಕ ಹಾಕುತ್ತದೆ. ಸಿಮೆಂಟಿಗೂ ಮಣ್ಣಿಗೂ ನಡುವೆ ಅವಳು ಒಂದು ತೆಳು ಪದರ ಇಟ್ಟಿದ್ದಳು. ಅದನ್ನು ಚರ್ಮ ಅನ್ನುತ್ತಿದ್ದಳು, ತನ್ನಷ್ಟಕ್ಕೇ. ಎಷ್ಟು ಬಲದವರೆಗೆ ಹಿಡಿದುಕೊಳ್ಳಬೇಕು, ಯಾವಾಗ ಜಾರಬೇಕು ಎಂಬುದೆಲ್ಲ ಆ ಚರ್ಮಕ್ಕೆ ಗೊತ್ತಿತ್ತು. ಅದನ್ನು ಸರಿಯಾಗಿ ಜಾರಿಸುವುದಕ್ಕೇ ಐದು ತಿಂಗಳು ಹಿಡಿದಿತ್ತು.

ಹಿಡಿತ ಕಡಿಮೆ ಮಾಡಿ ನೋಡಿದಳು. ಐವತ್ತೆರಡು ಬಂತು. ಇನ್ನಷ್ಟು ಕಡಿಮೆ ಮಾಡಿದಳು. ಅರವತ್ತು. ಮಧ್ಯಾಹ್ನದ ಹೊತ್ತಿಗೆ ಹಿಡಿತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದಾಗ ಪರದೆಯ ಮೇಲೆ ಅರವತ್ತೆಂಟು ಬಂದು ಕೂತಿತು.

ಸರಿಯಾಗಿ ಆಗಲೇ ದೊಡ್ಡ ಸರ್ ಬೆನ್ನ ಹಿಂದೆ ನಿಂತಿದ್ದರು.

"ಕೂಡಿಬಂತಲ್ಲ. ಅಂದ್ರೆ ಮಣ್ಣೇ ದುರ್ಬಲ, ಉದ್ದಕ್ಕೂ. ಹಾಗಾದ್ರೆ ಸುಲಭ. ಒಂದರ ಜಾಗದಲ್ಲಿ ಎರಡು ಹೊಡೆಯೋಣ. ಇಪ್ಪತ್ತೊಂಬತ್ತರ ಬದಲು ಐವತ್ತೆಂಟು."

ಚುಕ್ಕಿಗೆ ಏನೋ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರು ಆಗಲೇ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋಗಿದ್ದರು.

ಹೇಳಬೇಕಿದ್ದದ್ದು ಇದು: ಸಂಖ್ಯೆ ಕೂಡಿದೆ, ಆಕಾರ ಕೂಡಿಲ್ಲ. ಗುಂಡಿಯಲ್ಲಿ ಓದಿದ ಬಿಂದುಗಳು ಸುಮಾರು ಇಪ್ಪತ್ತೇಳು ಟನ್‌ವರೆಗೆ ನೇರ ಗೆರೆಯಂತೆ ಹೋಗಿ, ಆಮೇಲೆ ಇದ್ದಕ್ಕಿದ್ದಂತೆ ಬಾಗಿದ್ದವು. ಅವಳ ಗೆರೆಯೋ ಮೊದಲಿನಿಂದಲೇ ಬಾಗುತ್ತ, ಕೊನೆಯಲ್ಲಿ ಮಾತ್ರ ಬಂದು ಕೈ ಹಿಡಿದಿತ್ತು. ನೆಲದೊಳಗೆ ಇರುವುದು ಉದ್ದಕ್ಕೂ ಸೋತ ಆಂಕರ್ ಅಲ್ಲ. ಮೊದಲು ಚೆನ್ನಾಗಿ ಹಿಡಿದುಕೊಂಡು, ಎಳೆತ ಒಳಗೊಳಗೆ ಹೋದಂತೆ ಯಾವುದೋ ಒಂದು ಜಾಗದಲ್ಲಿ ಕೈಕೊಡುವ ಆಂಕರ್. ಆ ಜಾಗ ಎಲ್ಲಿ? ಅವಳ ಮಾದರಿಯಲ್ಲಿ ಮೆತ್ತನೆಯ ಮಣ್ಣು ಒಂದೇ ಕಡೆ ಇತ್ತು, ಬೀದಿಯಿಂದ ಹದಿನಾರು ಮೀಟರ್ ಕೆಳಗೆ. ಆಂಕರುಗಳು ಎಟುಕದಷ್ಟು ಆಳದಲ್ಲಿ, ಯಾರ ತಂಟೆಗೂ ಹೋಗದೆ ಮಲಗಿತ್ತು.

ಆ ಜಾಗ ಎಲ್ಲಿದೆಯೆಂದು ತಿಳಿದಿರಬಹುದಾದವನು ಒಬ್ಬನೇ. ಕೊರೆಯುವ ಮೇಸ್ತ್ರಿ. ಅವನ ನೋಟುಪುಸ್ತಕದಿಂದಲೇ ಅವಳು ಮಣ್ಣಿನ ವಿವರವೆಲ್ಲ ಎತ್ತಿಕೊಂಡಿದ್ದು. ಎತ್ತಿಕೊಂಡ ಬಗೆ ಅವಳಿಗೇ ಗೊತ್ತು: ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಶೆಡ್ಡಿಗೆ ನುಗ್ಗಿ, ಪುಟಪುಟಕ್ಕೂ ಫೋನಿನಲ್ಲಿ ಫೋಟೋ ಹೊಡೆದು, ಅವನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಾಲಿಗೆ ಬುದ್ಧಿ ಹೇಳಿದ್ದಳು. ಕೇಳಿದ್ದರೆ ಮಾತಾಡಬೇಕಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಅಕ್ಕನ ಬಸ್ಸಿಗೇ ಹತ್ತಿದಳು. ಡ್ರೈವರ್ ಹಿಂದಿನ ಮೊದಲ ಸೀಟು. ತಲೆಯ ಮೇಲೆ ತಗಡಿನ ಬೋರ್ಡು: ಚಾಲಕರೊಡನೆ ಮಾತನಾಡಬಾರದು.

"ನಿನಗೇ ಅಂತ ಮಾಡ್ಸಿದ ಹಾಗಿದೆ ಆ ಬೋರ್ಡು," ಕನ್ನಡಿಯಲ್ಲಿ ಅವಳನ್ನು ನೋಡುತ್ತ ಅಕ್ಕ ಹೇಳಿದಳು. "ಇಷ್ಟು ವರ್ಷದಲ್ಲಿ ಅದನ್ನ ಪಾಲಿಸಿದ ಪ್ರಯಾಣಿಕಳು ನೀನೊಬ್ಬಳೇ." ಗ್ರಂಥಾಲಯದ ಸ್ಟಾಪಿನಲ್ಲಿ ಬಾಗಿಲು ತೆರೆದು ಮತ್ತೆ ಹೇಳಿದಳು, "ಹೋಗು. ಬಾಯಿ ತೆಗೆದ್ರೆ ಹಲ್ಲು ಉದುರಲ್ಲ."

ಮೇಸ್ತ್ರಿ ಮೆಷಿನ್ ನೆರಳಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಕೊರೆಯುವ ರಾಡುಗಳಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ಮೆಷಿನ್ ಓಡುವಾಗ ರಾಡಿನ ಮೇಲೆ ಬರಿಗೈ ಇಟ್ಟು ಮಣ್ಣು ಯಾವುದೆಂದು ಹೇಳುತ್ತಾನೆ ಅಂತ ಅವನಿಗೆ ಹೆಸರಿತ್ತು. ಚುಕ್ಕಿ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೇ ಸಲ ಮಾತು ಹೊರಬಿತ್ತು.

"ಮೇಸ್ತ್ರಿ, ಆ ಏಳನೇದು ಕೊರೆದಾಗ... ಹೇಗಿತ್ತು?"

"ಏಳನೇದಾ? ಅದನ್ನ ಮರೆಯೋ ಹಾಗೇ ಇಲ್ಲ ಬಿಡಮ್ಮ." ಕೇಳಿದ್ದೇ ತಡ, ಅವನ ಮುಖ ಅರಳಿತು. "ಹದಿನಾರರ ತನಕ ಹಲ್ಲು ಕಡೀತಾ ಹೋಯ್ತು. ಹದಿನಾರು ಮುಟ್ಟಿದ್ದೇ, ಬೆಣ್ಣೆ. ವಾಪಸ್ ಬರೋ ನೀರು ಕಾಫಿ ಬಣ್ಣ. ತಳ್ಳುಗಾಡಿ ತುಂಬೋವಷ್ಟು ಮಣ್ಣು ನೀರಲ್ಲೇ ಕೊಚ್ಕೊಂಡು ಬಂತು. ಹತ್ತೊಂಬತ್ತಕ್ಕೆ ಮತ್ತೆ ಟಕ್ ಅಂತ ಗಟ್ಟಿ. ಆಮೇಲಿನ ನಾಲ್ಕೂ ತೂತಲ್ಲಿ ಇದೇ ಕತೆ."

ಇದೆಲ್ಲ ಪುಸ್ತಕದಲ್ಲಿದ್ದದ್ದೇ. ಚುಕ್ಕಿಯ ಉತ್ಸಾಹ ಇಳಿಯಿತು. ತಲೆಯಾಡಿಸಿ ಹೊರಡಬೇಕು, ಅಷ್ಟರಲ್ಲಿ ಮೇಸ್ತ್ರಿ ಎದ್ದು ನಿಂತು ಕೈಯಲ್ಲಿ ತೋರಿಸಿದ. "ಇಲ್ಲಿಂದ ಹೀಗೇ ಹೋಗ್ತಾ ಹೋಗ್ತಾ, ಅಗೋ ಅಲ್ಲಿ."

ಅವನ ತೋಳು ಗೋಡೆಯಿಂದ ಹಿಂದಕ್ಕೆ, ಬೀದಿಯ ಅಡಿಗೆ, ಓರೆಯಾಗಿ ಚಾಚಿತ್ತು.

ಚುಕ್ಕಿ ಆ ತೋಳನ್ನೇ ನೋಡಿದಳು. ಆಮೇಲೆ ತನ್ನ ತೋಳನ್ನೂ ಹಾಗೇ ಚಾಚಿದಳು.

"ಹೀಗಾ? ಹದಿನಾರು ಅಂದ್ರೆ ಹೀಗೆ ಹದಿನಾರಾ?"

"ಹೀಗಲ್ದೆ ಇನ್ನು ಹೇಗೆ? ನಾನು ಎಣಿಸೋದು ರಾಡನ್ನ. ರಾಡು ಹದಿನಾರು ಮೀಟರ್ ಒಳಗೆ ಹೋದ್ರೆ ಹದಿನಾರು ಅಂತ ಬರೀತೀನಿ. ನೆಟ್ಟಗೆ ಎಷ್ಟಾಗತ್ತೆ ಅಂತ ಹೇಳೋಕೆ ಓದಿದೋರು ನೀವಿದೀರಲ್ಲ."

"ಆದ್ರೆ ಪುಸ್ತಕದ ಮೊದಲ ಪುಟಗಳು..."

"ಅದು ಮಣ್ಣು ಪರೀಕ್ಷೆಗೆ ಅಂತ ಮೊದಲು ಆ ತುದೀಲಿ ನೆಟ್ಟಗೆ ಕೊರೆದ ತೂತು. ಬೇರೆ." ಮೇಸ್ತ್ರಿ ಪ್ಲಾಸ್ಟಿಕ್ ಚೀಲದಿಂದ ನೋಟುಪುಸ್ತಕ ಎಳೆದು, ಉಗುರಿನಿಂದ ಪುಟದ ಮೂಲೆ ಕುಟ್ಟಿದ. "ಗೀಟು ಹಾಕಿದೀನಲ್ಲ, ನೋಡು. ನೆಟ್ಟ ಗೀಟು ಇದ್ರೆ ನೆಟ್ಟ ತೂತು. ಓರೆ ಗೀಟು ಇದ್ರೆ ಓರೆ ತೂತು. ಮೂವತ್ತು ವರ್ಷದಿಂದ ಹಾಕ್ತಾ ಇದೀನಿ. ಇದೇನು ಅಂತ ಒಬ್ಬರೂ ಕೇಳಿರಲಿಲ್ಲ."

ಆ ಗೀಟುಗಳನ್ನು ಚುಕ್ಕಿ ಫೋಟೋಗಳಲ್ಲಿ ನೋಡಿದ್ದಳು. ಪೆನ್ನು ಬರೆಯುತ್ತದೋ ಇಲ್ಲವೋ ಅಂತ ಮೇಸ್ತ್ರಿ ಗೀಚಿ ನೋಡಿದ್ದು ಅಂದುಕೊಂಡಿದ್ದಳು. ಎಂಟು ಪುಟ ನೆಟ್ಟ ತೂತಿನದು, ಉಳಿದದ್ದೆಲ್ಲ ಓರೆ ತೂತಿನದು. ಅವಳು ಎಲ್ಲವನ್ನೂ ನೆಟ್ಟಗೇ ಟೈಪ್ ಮಾಡಿದ್ದಳು. ಓರೆಯಾಗಿ ಇಪ್ಪತ್ತು ಮೀಟರ್ ಹೋದ ತೂತು ಬೀದಿಯಿಂದ ಹದಿನಾರು ಮೀಟರ್ ಆಳವನ್ನು ಕಂಡಿರುವುದೇ ಸಾಧ್ಯವಿಲ್ಲ ಅನ್ನುವುದು ಈಗ ಕಣ್ಣಿಗೆ ರಾಚುತ್ತಿತ್ತು.

ಮೂವತ್ತು ಡಿಗ್ರಿ ಓರೆ. ಒಳಗೆ ಹೋದ ಉದ್ದದ ಅರ್ಧದಷ್ಟು ಕೆಳಗೆ. ಹದಿನಾರಕ್ಕೆ ಎಂಟು, ಆಂಕರ್ ಶುರುವಾಗುವುದು ಬೀದಿಯಿಂದ ಎರಡು ಮೀಟರ್ ಕೆಳಗೆ, ಅದೂ ಸೇರಿ ಹತ್ತು. ಅಂದರೆ ಮೆತ್ತನೆಯ ಪದರ ಆಂಕರುಗಳ ಕೆಳಗೆಲ್ಲೋ ಮಲಗಿಲ್ಲ. ಸಿಮೆಂಟಿನ ಎಂಟು ಮೀಟರ್ ಹಿಡಿತದ ನಟ್ಟನಡುವೆ ಕೂತಿದೆ. ಮೊದಲ ನಾಲ್ಕು ಮೀಟರ್ ಗಟ್ಟಿ, ಆಮೇಲೆ ಮೂರು ಮೀಟರ್ ಬೆಣ್ಣೆ. ಮೊದಲು ನೇರ ಗೆರೆ, ಆಮೇಲೆ ಬಾಗು.

ಚುಕ್ಕಿ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಶೆಡ್ಡಿನ ಕಡೆಗೆ ಓಡಿದಳು, ಅರ್ಧ ದಾರಿಯಲ್ಲಿ ನೆನಪಾಗಿ ವಾಪಸ್ ಓಡಿ ಬಂದು ಹೇಳಿದಳು, ಮತ್ತೆ ಓಡಿದಳು. ಮೇಸ್ತ್ರಿ ಸೀಮೆಸುಣ್ಣ ಹಿಡಿದು ನೋಡುತ್ತಲೇ ಇದ್ದ.

ಶೆಡ್ಡಿನ ಮೇಜಿನ ಮೇಲೆ ಹೆಲ್ಮೆಟ್ಟುಗಳನ್ನು ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಚರ್ಮದ ಹಿಡಿತವನ್ನು ಮೊದಲಿದ್ದಷ್ಟಕ್ಕೇ ತಂದಳು, ಒಂದು ಚೂರೂ ತಿದ್ದದೆ. ಮೆತ್ತನೆಯ ಪದರವನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಲೆಕ್ಕ ಮುಗಿಯಲು ಇಪ್ಪತ್ತೆರಡು ನಿಮಿಷ ಬೇಕು. ಆ ಇಪ್ಪತ್ತೆರಡು ನಿಮಿಷ ಅವಳು ಕೂತಳು, ನಿಂತಳು, ಕಿಟಕಿಯಿಂದ ಗ್ರಂಥಾಲಯದ ಮೂಲೆ ನೋಡಿದಳು, ಹೆಲ್ಮೆಟ್ಟುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು.

ಗೆರೆ ಮೂಡಿತು. ಮೊದಲ ಬಿಂದುವಿನ ಮೇಲೆ ಹೋಯಿತು, ಎರಡನೆಯದರ ಮೇಲೆ, ಮೂರನೆಯದರ ಮೇಲೆ. ಇಪ್ಪತ್ತೇಳು ಟನ್ ಬಳಿ ತಾನಾಗಿ ಬಾಗಿತು. ಅವಳು ಬಾಗಿಸಿದ್ದಲ್ಲ, ಅದೇ ಬಾಗಿದ್ದು. ನಲವತ್ತು ಟನ್‌ಗೆ ಅರವತ್ತಾರು. ಎರಡು ಮಿಲಿಮೀಟರ್ ಅಂತರ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಬಂದು ಮತ್ತೆ ನೋಡಿದಳು. ಗೆರೆ ಅಲ್ಲೇ ಇತ್ತು.

ಆಮೇಲೆ ಮೇಸ್ತ್ರಿಯ ಕಾಫಿ ಬಣ್ಣದ ನೀರು ನೆನಪಾಯಿತು. ತೂತಿಗೊಂದು ತಳ್ಳುಗಾಡಿಯಷ್ಟು ಮಣ್ಣನ್ನು ಆ ಪದರದಿಂದ ತೆಗೆದು ನೋಡಿದಳು, ಐವತ್ತೆಂಟು ಸಲ. ಗ್ರಂಥಾಲಯದ ಮೂಲೆ ಹನ್ನೆರಡು ಮಿಲಿಮೀಟರ್ ಕುಸಿಯಿತು. ಇಪ್ಪತ್ತೊಂಬತ್ತೇ ತೂತು, ಆದರೆ ಪ್ರತಿಯೊಂದೂ ನಾಲ್ಕು ಮೀಟರ್ ಹೆಚ್ಚು ಉದ್ದ, ಮೆತ್ತನೆಯದನ್ನು ದಾಟಿ ಆಚೆಯ ಗಟ್ಟಿ ಮಣ್ಣಿನವರೆಗೆ ಅಂತ ಇಟ್ಟಾಗ ಗೋಡೆಯೂ ನಿಂತಿತು, ಗ್ರಂಥಾಲಯವೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಈಗ ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಅದೂ ತಪ್ಪು ತನ್ನದೇ ಅಂತ ಮೊದಲು ಹೇಳಿ.

ದೊಡ್ಡ ಸರ್ ಮಧ್ಯಾಹ್ನ ಬಂದು ಐವತ್ತೆಂಟು ತೂತಿನ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತಿದ್ದರು. ಚುಕ್ಕಿ ಅದರ ಮೇಲೆ ಮೇಸ್ತ್ರಿಯ ನೋಟುಪುಸ್ತಕ ಇಟ್ಟಳು.

"ಸರ್, ಈ ಗೀಟು ಓರೆ. ನಾನು ನೆಟ್ಟಗೆ ಓದಿದ್ದೆ."

ಅವರು ಪುಟ ನೋಡಿದರು, ಅವಳ ಮುಖ ನೋಡಿದರು, ಜೇಬಿನಿಂದ ಪೆನ್ಸಿಲ್ ತೆಗೆದು ನಕ್ಷೆಯ ಅಂಚಿನಲ್ಲೇ ಒಂದು ಓರೆ ಗೆರೆ ಎಳೆದು ಅಳೆದರು.

"ಹಾಗಾದ್ರೆ ನಿನ್ನೆ ಕೂಡಿಬಂದ ಗ್ರಾಫು?"

"ಅದು ಕೂಡಿಬಂದದ್ದಲ್ಲ ಸರ್. ನಾನೇ ಕೂಡಿಸಿದ್ದು. ಅದನ್ನ ನೋಡಿ ನೀವು ಐವತ್ತೆಂಟು ಅಂದ್ರಿ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ."

"ಯಾಕೆ?"

"ನೀವು ಬೇಗ ಹೋಗಿಬಿಟ್ರಿ."

ದೊಡ್ಡ ಸರ್ ಕನ್ನಡಕ ತೆಗೆದರು. ಬೈಯುತ್ತಾರೆ ಅಂದುಕೊಂಡಳು. "ಈ ನೋಟುಪುಸ್ತಕ ನಾನೂ ಎರಡು ಸಲ ತಿರುವಿ ಹಾಕಿದೀನಿ," ಅಂದರು ಅವರು. "ನನಗೂ ಗೀಟು ಕಾಣಲಿಲ್ಲ." ಆಮೇಲೆ ಗಂಟಲು ಸರಿ ಮಾಡಿಕೊಂಡರು. "ಒಂದು ಹೊಡೆಯೋಣ. ಒಂದೇ. ಇಪ್ಪತ್ತನಾಲ್ಕು ಮೀಟರ್. ಸಿಮೆಂಟ್ ಗಟ್ಟಿಯಾಗೋಕೆ ಒಂದು ವಾರ, ಅಲ್ಲಿ ತನಕ ಬಾಕಿ ಕೆಲಸ ನಿಲ್ಲಲಿ. ಎಳೆಯೋ ಮೊದಲು ನಿನ್ನ ಸಂಖ್ಯೆ ಬರೆದಿಡು. ಜೇಬಲ್ಲಲ್ಲ, ಗೋಡೆ ಮೇಲೆ. ತಪ್ಪಿದ್ರೆ ನಾನು ಪೆಟ್ಟಿಗೇನ ಎರಡನೇ ಸಲ ನಂಬಲ್ಲ. ಮತ್ತೆ ಗೇಜು ಓದೋದೂ ನೀನೇ. ಪಂಪಿನ ಸದ್ದು ಮೀರಿ ಕೇಳಿಸಬೇಕು."

ಕೊನೆಯ ಮಾತು ಕೇಳಿ ಚುಕ್ಕಿಗೆ ಮಣ್ಣಿನ ಭಯಕ್ಕಿಂತ ಹೆಚ್ಚಿನ ಭಯ ಹಿಡಿಯಿತು. ಆ ವಾರವೆಲ್ಲ ಅವಳು ಸ್ನಾನದ ಕೋಣೆಯಲ್ಲಿ ನೀರು ಬಿಟ್ಟುಕೊಂಡು ಒಂದರಿಂದ ಅರವತ್ತರವರೆಗೆ ಕೂಗಿ ಅಭ್ಯಾಸ ಮಾಡಿದಳು. ಅಮ್ಮ ಹೊರಗಿನಿಂದ ಬಾಗಿಲು ತಟ್ಟಿ, "ಯಾರನ್ನ ಹರಾಜು ಹಾಕ್ತಿದೀಯೇ ಒಳಗೆ?" ಅಂತ ಕೇಳಿದಳು.

ಮುಂದಿನ ಗುರುವಾರ ಬೆಳಿಗ್ಗೆ ಮೇಸ್ತ್ರಿಯೇ ಗೋಡೆಯ ಮೇಲೆ ಮೊಳದುದ್ದದ ಅಂಕಿಗಳಲ್ಲಿ ಬರೆದ: ೪೯. ಅಷ್ಟು ದೊಡ್ಡದಾಗಿ ಬೇಡ ಅಂತ ಚುಕ್ಕಿ ಕೈಸನ್ನೆ ಮಾಡಿದಳು. ಅವನು ನೋಡದವನಂತೆ ಅದರ ಸುತ್ತ ಒಂದು ವೃತ್ತವನ್ನೂ ಎಳೆದ.

ಪಂಪ್ ಶುರುವಾಯಿತು. ಚುಕ್ಕಿ ಗೇಜಿನ ಮುಂದೆ ಮಂಡಿಯೂರಿದಳು.

"ಹತ್ತು ಟನ್. ಹನ್ನೆರಡು," ಅಂದಳು. ಯಾರಿಗೂ ಕೇಳಿಸಲಿಲ್ಲ. ದೊಡ್ಡ ಸರ್ ಕಿವಿಗೆ ಕೈ ಅಡ್ಡ ಹಿಡಿದರು. ಅವಳು ಉಸಿರೆಳೆದುಕೊಂಡು ಮತ್ತೆ ಕೂಗಿದಳು. ತನ್ನ ದನಿ ಎದುರು ಗೋಡೆಗೆ ಬಡಿದು ವಾಪಸ್ ಬಂದಾಗ ಬೆಚ್ಚಿಬಿದ್ದಳು.

"ಇಪ್ಪತ್ತು ಟನ್. ಇಪ್ಪತ್ನಾಲ್ಕು."

ಇನ್ನು ಇಪ್ಪತ್ತೇಳು. ಕಳೆದ ಸಲ ಗೆರೆ ಬಾಗಿದ್ದು ಅಲ್ಲೇ. ಚುಕ್ಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಳ್ಳನ್ನೇ ನೋಡಿದಳು. ಅದು ಓಡಲಿಲ್ಲ. ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು, ಮೊದಲಿನ ನಡಿಗೆಯಲ್ಲೇ ಹೋಯಿತು.

"ಮೂವತ್ತು ಟನ್. ಮೂವತ್ತೇಳು." ಮೇಸ್ತ್ರಿ ರಾಡಿನ ಮೇಲೆ ಇಡುವ ಹಾಗೆ ಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದ. "ಮೂವತ್ತೈದು ಟನ್. ನಲವತ್ಮೂರೂ ಮುಕ್ಕಾಲು."

ಮುಳ್ಳು ನಲವತ್ತೊಂಬತ್ತಕ್ಕೆ ಬಂತು. ದಾಟಿತು. ಐವತ್ತಕ್ಕೆ ಬಂದು ಒಂದು ಸಲ ನಡುಗಿ ನಿಂತಿತು.

"ನಲವತ್ತು ಟನ್. ಐವತ್ತು."

ಪಂಪ್ ನಿಂತಿತು. ಈಗ ಹತ್ತು ನಿಮಿಷ ಕಾಯಬೇಕು. ಕಳೆದ ಸಲ ಮುಳ್ಳು ತೆವಳಿದ್ದು ಈ ಹತ್ತು ನಿಮಿಷದಲ್ಲೇ. ಬೀದಿಯಲ್ಲಿ ಬಸ್ಸೊಂದು ಹಾದುಹೋದ ಸದ್ದು ಕೇಳಿಸಿತು.

"ಒಂದು ನಿಮಿಷ. ಐವತ್ತು. ಮೂರು ನಿಮಿಷ. ಐವತ್ತು. ಐದು ನಿಮಿಷ. ಐವತ್ತೂ ಕಾಲು." ಆಮೇಲೆ ಬಹಳ ಹೊತ್ತಾದ ಮೇಲೆ, "ಹತ್ತು ನಿಮಿಷ. ಐವತ್ತೂ ಕಾಲು. ನಿಂತಿದೆ. ಪೂರ್ತಿ ನಿಂತಿದೆ ಸರ್."

ದೊಡ್ಡ ಸರ್ ತಾವೇ ಬಗ್ಗಿ ಗೇಜು ನೋಡಿದರು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದರು. ಗೋಡೆಯ ಮೇಲಿನ ಮೊಳದುದ್ದದ ಅಂಕಿ ನೋಡಿದರು.

"ಒಂದೂ ಕಾಲು ಮಿಲಿಮೀಟರ್ ಸುಳ್ಳು ಹೇಳಿದೆ ನಿನ್ನ ಪೆಟ್ಟಿಗೆ."

"ಆ ಒಂದೂ ಕಾಲು ಎಲ್ಲಿಂದ ಬಂತು ಅಂತ ನನಗೆ ಗೊತ್ತು ಅನ್ಸತ್ತೆ ಸರ್," ಅಂದಳು ಚುಕ್ಕಿ. ಪಂಪ್ ನಿಂತು ಹತ್ತು ನಿಮಿಷವಾಗಿದ್ದರೂ ಅವಳ ದನಿ ಇನ್ನೂ ಇಳಿದಿರಲಿಲ್ಲ. "ಹತ್ತೊಂಬತ್ತರ ಆಚೆ ಮಣ್ಣು ಒಂದೇ ಸಮ ಗಟ್ಟಿ ಅಂತ ನಾನು ಹಿಡಿದಿದ್ದೆ. ಇರಲಿಕ್ಕಿಲ್ಲ. ಮೇಸ್ತ್ರಿ, ಇಪ್ಪತ್ತೆರಡರ ಹತ್ರ ಸದ್ದು ಬದಲಾಯ್ತಾ? ನೀರು ಯಾವ ಬಣ್ಣ ಇತ್ತು? ತುಸು ಮರಳು ಸಿಕ್ತಾ?"

ಮೇಸ್ತ್ರಿ ದೊಡ್ಡ ಸರ್ ಕಡೆ ತಿರುಗಿದ. "ನೋಡಿ ಸರ್. ಮೂವತ್ತು ವರ್ಷ ಯಾರೂ ಕೇಳ್ಲಿಲ್ಲ. ಈಗ ಒಟ್ಟಿಗೇ ಮೂರು."

"ಉತ್ತರ ಹೇಳಪ್ಪ," ಅಂದರು ದೊಡ್ಡ ಸರ್, ಐವತ್ತೆಂಟು ತೂತಿನ ನಕ್ಷೆಯನ್ನು ಸುರುಳಿ ಸುತ್ತುತ್ತ. "ಸೋಮವಾರದಿಂದ ಬಾಕಿ ಇಪ್ಪತ್ತೆಂಟೂ ಇಪ್ಪತ್ನಾಲ್ಕು ಮೀಟರೇ. ಪ್ರತಿಯೊಂದಕ್ಕೂ ಇವಳು ನಿನ್ನ ಪಕ್ಕದಲ್ಲೇ ನಿಂತಿರ್ತಾಳೆ. ಹಳೇ ಹನ್ನೊಂದಕ್ಕೆ ಎಳೆತ ಇಳಿಸಿ, ನಡುವೆ ಎಷ್ಟು ಹೊಸದು ಬೇಕು ಅಂತ ಪೆಟ್ಟಿಗೇನೇ ಕೇಳೋಣ."

ಸಂಜೆ ಅಕ್ಕನ ಬಸ್ಸು ಗ್ರಂಥಾಲಯದ ಸ್ಟಾಪ್ ಬಿಡುವ ಮೊದಲೇ ಚುಕ್ಕಿ ಶುರು ಮಾಡಿದ್ದಳು. ಇಪ್ಪತ್ತೇಳು ಟನ್ ಬಂದಾಗ ಮುಳ್ಳು ಹೇಗೆ ನಡೆಯಿತು, ತನ್ನ ದನಿ ಹೇಗೆ ಗೋಡೆಗೆ ಬಡಿದು ಬಂತು, ಇಪ್ಪತ್ತೆರಡರಲ್ಲಿ ನಿಜಕ್ಕೂ ಒಂದು ಗೇಣು ಮರಳು ಇತ್ತಂತೆ, ಮೇಸ್ತ್ರಿ ಅದನ್ನು ಪುಸ್ತಕದಲ್ಲಿ ಬರೆಯಲು ಜಾಗವಿಲ್ಲದೆ ಅಂಗೈ ಮೇಲೆ ಬರೆದುಕೊಂಡಿದ್ದನಂತೆ, ಒಂದು ಮಿಲಿಮೀಟರ್ ಅದರಲ್ಲೇ ಸಿಕ್ಕಿತು, ಆ ಕಾಲು ಮಾತ್ರ ಇನ್ನೂ ಸಿಗಬೇಕು. ನಾಲ್ಕು ಸ್ಟಾಪು ಬಂದವು, ಹೋದವು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅಕ್ಕ ತಿರುಗದೆ, ಹೆಬ್ಬೆರಳಿನಲ್ಲಿ ತಲೆಯ ಮೇಲಿನ ತಗಡಿನ ಬೋರ್ಡು ತೋರಿಸಿದಳು.

ಚುಕ್ಕಿ ಬೋರ್ಡು ಓದಿದಳು. ಸಿಗ್ನಲ್ ಹಸಿರಾಗುವ ತನಕ ತಡೆದುಕೊಂಡಳು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸಿನ ಕಡೆ ತಿರುಗಿದಳು.

"ನೀವು ಯಾವತ್ತಾದ್ರೂ ಮೂಲಂಗಿ ಕಿತ್ತಿದೀರಾ?" ಅಂತ ಕೇಳಿದಳು.